“ಇದು ಒರಿಜಿನಲ್ ಬೆಂಗಾಲ್ ಹೌದಾ?” ಅನ್ನುವವರಿಗೆ

ಬೆಂಗಾಲ್ ತಳಿಯ ಬೆಕ್ಕಿನ ಮರಿ ಕೊಳ್ಳಲು ಹೊರಟವರು ಕಳಿಸುವುದು ಒಂದು ಫೋಟೊ, ಕೆಳಗೆ ಒಂದೇ ಸಾಲು: “ಒರಿಜಿನಲ್ ಬೆಂಗಾಲ್ ಹೌದಾ, ನೋಡಿ ಹೇಳಿ.” ಫೋಟೊ ನೋಡಿ ಹೇಳಲು ಆಗುವುದಿಲ್ಲ. ಮೈತುಂಬ ಚುಕ್ಕೆಯಿರುವ ಊರಬೆಕ್ಕುಗಳಿವೆ. ಇತ್ತ ಅಪ್ಪಟ ಬೆಂಗಾಲ್ ಮರಿಗೂ ಸುಮಾರು ಒಂದು ತಿಂಗಳಿಂದ ಮೂರು–ನಾಲ್ಕು ತಿಂಗಳವರೆಗೆ ಉದ್ದನೆಯ ಮಾಸಲು ಕೂದಲು ಬಂದು ಚುಕ್ಕೆ ಮಂಕಾಗಿರುತ್ತದೆ. ನೀವು ಮರಿ ಆರಿಸಲು ಹೋಗುವುದು ಸರಿಯಾಗಿ ಆ ವಯಸ್ಸಿನಲ್ಲೇ.

“ಒರಿಜಿನಲ್” ಎಂಬ ಮಾತಿಗೂ ನನ್ನ ತಕರಾರಿದೆ. ಬೆಂಗಾಲ್ ಬೆರಕೆಯಿಂದಲೇ ಹುಟ್ಟಿದ ತಳಿ. ಅಮೆರಿಕದ ತಳಿಗಾರ್ತಿ ಜೀನ್ ಮಿಲ್ ಕಾಡಿನ ಚಿರತೆ ಬೆಕ್ಕನ್ನೂ ಸಾಕುಬೆಕ್ಕನ್ನೂ ಕೂಡಿಸಿ ಕಟ್ಟಿದ್ದು. ಅವರು ಬಳಸಿದ ಸಾಕುಬೆಕ್ಕುಗಳಲ್ಲಿ ದೆಹಲಿ ಮೃಗಾಲಯದಿಂದ ಹೋದದ್ದೂ ಇತ್ತು. ಮನೆಗೆ ಬರಬೇಕಾದದ್ದು ಕಾಡಿನ ಪೂರ್ವಜನಿಂದ ಕನಿಷ್ಠ ನಾಲ್ಕು ತಲೆಮಾರು ದಾಟಿದ ಮರಿ. ಅದನ್ನು ಹೇಳುವುದು ವಂಶಾವಳಿ ಪತ್ರ, ಚುಕ್ಕೆ ಅಲ್ಲ. “ನಮ್ಮದು ಮಲೆನಾಡಿನ ಕಾಡಿಂದ ತಂದ ಗಂಡು, ರಕ್ತ ಜೋರು” ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ಅರಣ್ಯ ಇಲಾಖೆಗೆ ತಿಳಿಸಿ. ನಮ್ಮ ಪಶ್ಚಿಮ ಘಟ್ಟದ ಚಿರತೆ ಬೆಕ್ಕು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಹಿಡಿಯುವುದೂ ಸಾಕುವುದೂ ಅಪರಾಧ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಮರಿಯ ಅಪ್ಪ-ಅಮ್ಮನ ಹೃದಯದ ಎಕೊ (ಅಲ್ಟ್ರಾಸೌಂಡ್ ಪರೀಕ್ಷೆ) ಕೊನೆಗೆ ಯಾವಾಗ ಆಯಿತು? ಇದನ್ನು ಯಾಕೆ ಯಾರೂ ಕೇಳುವುದಿಲ್ಲವೋ! ಈ ತಳಿಯಲ್ಲಿ ಹೃದಯದ ಗೋಡೆ ದಪ್ಪವಾಗುವ ಎಚ್‌ಸಿಎಂ ಕಾಯಿಲೆ ಇದೆ. ಮರಿಯಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ, ಬೆಳೆದ ಮೇಲೆ ಬರುತ್ತದೆ. ಮೇನ್ ಕೂನ್ ಬೆಕ್ಕಿಗೆ ಇರುವ ಡಿಎನ್‌ಎ ಪರೀಕ್ಷೆ ಬೆಂಗಾಲ್‌ಗೆ ಉಪಯೋಗಕ್ಕೆ ಬಾರದು. ಹಾಗಾಗಿ ತಳಿಗೆ ಬಿಡುವ ಬೆಕ್ಕಿಗೆ ವರ್ಷವರ್ಷವೂ ಎಕೊ ಮಾಡಿಸಬೇಕು. “ಡಾಕ್ಟರು ಸ್ಟೆತೊಸ್ಕೋಪ್ ಇಟ್ಟು ನೋಡಿದ್ದಾರೆ” ಎಂಬುದು ಉತ್ತರವಲ್ಲ.

ಡಿಎನ್‌ಎಯಲ್ಲಿ ತಿಳಿಯುವುದು ಇನ್ನೆರಡು ಕಾಯಿಲೆ: ಕೆಂಪು ರಕ್ತಕಣ ಒಡೆದು ರಕ್ತಹೀನತೆ ತರುವ ಪಿಕೆ ಎಂಬ ಕಿಣ್ವದ ಕೊರತೆ, ಎಳೆಯ ವಯಸ್ಸಿನಲ್ಲೇ ಕಣ್ಣು ಕಸಿಯುವ ಪಿಆರ್‌ಎ-ಬಿ. ಎರಡಕ್ಕೂ ಅಪ್ಪ, ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ರೋಗ. ಒಬ್ಬರು ವಾಹಕ (ದೋಷದ ಜೀನ್ ಒಂದೇ ಇದ್ದು ರೋಗವಿಲ್ಲದವರು), ಇನ್ನೊಬ್ಬರು ಶುದ್ಧ ಎಂದಿದ್ದರೆ ಹೆದರಬೇಡಿ. ಇಬ್ಬರೂ ವಾಹಕರಾದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅಂಥ ಜೋಡಿಯನ್ನು ಕೂಡಿಸಿದವರಿಂದ ಮರಿ ತರಬೇಡಿ.

ಕಾಗದ ಸರಿಯಿದ್ದರೆ ಆಮೇಲೆ ಮರಿಯನ್ನು ಎತ್ತಿಕೊಳ್ಳಿ. ಎದೆಗೂಡಿನ ಎರಡೂ ಬದಿಗೆ ಬೆರಳಿಟ್ಟು ನೋಡಿ: ದುಂಡಗಿರಬೇಕು. ಅಡಿಭಾಗ ಹಲಗೆಯಂತೆ ಚಪ್ಪಟೆಯಾಗಿದ್ದರೆ ಉಸಿರಾಟಕ್ಕೆ ತೊಂದರೆಯಾಗಬಹುದು. ಒಸಡು ಗುಲಾಬಿ ಬಣ್ಣ ಇರಲಿ. ಬಾಲ ಎತ್ತಿ ನೋಡಲು ನಾಚಬೇಡಿ. ಗುದ ಕೆಂಪಾಗಿ ಊದಿದ್ದರೆ, ಮಲ ಲೋಳೆಯಾಗಿ ಕೆಟ್ಟ ನಾತ ಹೊಡೆಯುತ್ತಿದ್ದರೆ “ಊಟ ಬದಲಾಯಿಸಿದ್ದೇವೆ, ಅದಕ್ಕೇ” ಎನ್ನುತ್ತಾರೆ. ಆದರೆ ಹಲವು ಬೆಕ್ಕು ಒಟ್ಟಿಗಿರುವ ಮನೆಗಳಲ್ಲಿ ಟ್ರೈಟ್ರೈಕೊಮೊನಾಸ್ ಎಂಬ ಕರುಳಿನ ಪರಾವಲಂಬಿ ಹರಡಿರುವುದುಂಟು. ಮೆಟ್ರೊನಿಡಜೋಲ್ ಔಷಧಿ ಕೊಟ್ಟಾಗ ಭೇದಿ ನಾಲ್ಕು ದಿನ ನಿಂತಂತೆ ಕಂಡು ಮತ್ತೆ ಶುರುವಾಗುತ್ತದೆ. ಸರಿಯಾಗಿ ತಿಳಿಯಲು ಮಲದ ಪಿಸಿಆರ್ (ಪರಾವಲಂಬಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಬೇಕು. ಮನೆಯಲ್ಲಿ ಈಗಾಗಲೇ ಬೆಕ್ಕಿದ್ದರೆ ಇದನ್ನಂತೂ ಬಿಡಬೇಡಿ.

ಹನ್ನೆರಡು ವಾರ ತುಂಬುವ ಮೊದಲು ಮರಿ ಕೊಡುತ್ತೇನೆ ಎಂದರೆ ಬೇಡ ಎನ್ನಿ. ಎರಡು ಲಸಿಕೆ, ಜಂತಿನ ಔಷಧಿ ಆಗಿರಬೇಕು. ತಾಯಿ, ಒಡಹುಟ್ಟಿದವರ ಜೊತೆ ಆಡಿ ಕಚ್ಚುವ ಮಿತಿ ಕಲಿತಿರಬೇಕು. ಬೆಂಗಾಲ್‌ನಂಥ ಚುರುಕು ಬೆಕ್ಕಿಗೆ ಈ ಕಲಿಕೆ ತಪ್ಪಿದರೆ ಗಾಯ ನಿಮ್ಮ ಕೈಗೇ.

ಮುಂಗಡ ಕೊಡುವ ಮುಂಚೆ ವರದಿಗಳ ಪ್ರತಿ ಕೇಳಿ, ತಾಯಿ ಬೆಕ್ಕಿನ ಚರ್ಮದಡಿ ಇರುವ ಗುರುತಿನ ಮೈಕ್ರೊಚಿಪ್ಪನ್ನು ಎದುರಿಗೇ ಸ್ಕ್ಯಾನ್ ಮಾಡಿಸಿ. ಅದರ ಸಂಖ್ಯೆಯೂ ವರದಿಯಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. ಸಂಖ್ಯೆಯೇ ಇಲ್ಲದ ವರದಿ ಯಾವ ಬೆಕ್ಕಿನದ್ದೂ ಆಗಿರಬಹುದು.