ಇನ್ನೊಂದು ಲಕ್ಷ ಹಾಕಿದ್ರೆ ಹೊಸದೇ ಬರ್ತಿತ್ತಲ್ಲ?

2025ರ ಅಕ್ಟೋಬರಿನಲ್ಲಿ, ವಿಜಯದಶಮಿ ಕಳೆದ ಮೇಲೆ, ನಮ್ಮ ಮನೆ ಮುಂದೆ ಒಂದು ಕಾರು ಬಂದು ನಿಂತಿತು. ಅವತ್ತಿನಿಂದ ಈ ಪ್ರಶ್ನೆ ಕೇಳದವರೇ ಇಲ್ಲ. ಮೊದಲು "ಹೊಸ ಕಾರಾ? ಸ್ವೀಟ್ ಎಲ್ಲಿ?" ಅನ್ನುತ್ತಾರೆ. ಹೊಸದಲ್ಲ, ಒಂದು ವರ್ಷ ಓಡಿದ್ದು ಅಂದ ತಕ್ಷಣ ಮುಖ ಸ್ವಲ್ಪ ಇಳಿಯುತ್ತದೆ. ಎಷ್ಟಾಯ್ತು ಅಂತ ಕೇಳುತ್ತಾರೆ. 5 ಲಕ್ಷ 40 ಸಾವಿರ ಅನ್ನುತ್ತೇನೆ. ಆಗ ಬರುತ್ತದೆ ನೋಡಿ: "ಅಯ್ಯೋ, ಇನ್ನೊಂದು ಲಕ್ಷ ಹಾಕಿದ್ರೆ ಹೊಸದೇ ಬರ್ತಿತ್ತಲ್ಲ?"

ಸೋದರಮಾವ ಕೇಳಿದರು. ಬ್ಯಾಂಕಿನ ಸ್ನೇಹಿತರು ಕೇಳಿದರು. ಕಾರಿಗೆ ಪೂಜೆ ಮಾಡಿದ ಭಟ್ಟರು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಲೇ ಕೇಳಿದರು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಆದ್ದರಿಂದ ಈ ಬರಹ.

ಮೊದಲು ಹಳೆ ಕಾರಿನ ವಿಷಯ. ಅದರ ಕಂಪನಿ ಹೆಸರು ಹೇಳುವುದಿಲ್ಲ. ವಯಸ್ಸಾದ ಮೇಲೆ ಯಾರಿಗಾದರೂ ಮಂಡಿ ನೋವು ಬರುತ್ತದೆ, ಅದಕ್ಕೆ ಹೆತ್ತವರನ್ನು ದೂರುವುದು ಸರಿಯಲ್ಲ, ಅಲ್ವಾ? ಮನೆಯಲ್ಲಿ ಅದನ್ನು ಗುಬ್ಬಿ ಅನ್ನುತ್ತಿದ್ದೆವು. 2010ರ ನವೆಂಬರಿನಲ್ಲಿ ಹೊಸದಾಗಿ ತಂದದ್ದು. ಹಾಸನದ ಕೆಎ-13 ನಂಬರು. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಅದರಲ್ಲೇ ಬಂದಳು. ಹದಿನೈದು ವರ್ಷದಲ್ಲಿ ದಾರಿಯಲ್ಲಿ ಕೈಕೊಟ್ಟಿದ್ದು ಎರಡೇ ಸಲ. ಅದರಲ್ಲೂ ಒಂದು ಸಲ ಪೆಟ್ರೋಲ್ ಖಾಲಿಯಾಗಿದ್ದು, ತಪ್ಪು ನನ್ನದೇ.

ನಮ್ಮ ದೇಶದಲ್ಲಿ ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ, ಫಿಟ್‌ನೆಸ್ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ಗೆ ಮುಂಚೆ ಇದಕ್ಕೆ 600 ರೂಪಾಯಿ ಇತ್ತು, ಆಮೇಲೆ 5000 ಆಯಿತು. ಜೊತೆಗೆ ಹಸಿರು ತೆರಿಗೆ. ಗುಬ್ಬಿಯ ಆರ್‌ಸಿ 2025ರ ನವೆಂಬರಿಗೆ ಮುಗಿಯುತ್ತಿತ್ತು. ಅದಕ್ಕೆ ಮೊದಲೇ ಮೆಕ್ಯಾನಿಕ್ ಹತ್ತಿರ ಒಯ್ದೆ. ಕ್ಲಚ್ ಪ್ಲೇಟ್, ಮುಂದಿನ ಶಾಕ್ ಅಬ್ಸಾರ್ಬರ್, ನಾಲ್ಕು ಟೈರ್, ಡ್ರೈವರ್ ಸೀಟಿನ ಕೆಳಗೆ ತುಕ್ಕು ತಿಂದ ತಗಡಿಗೆ ವೆಲ್ಡಿಂಗ್. ಎಲ್ಲ ಸೇರಿ 46 ಸಾವಿರ ಅಂದರು. ಗುಬ್ಬಿಯನ್ನು ಮಾರಿದರೆ ಬರುತ್ತಿದ್ದದ್ದೇ 60 ಸಾವಿರ.

ಇಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ರಿಪೇರಿ ಖರ್ಚು ಕಾರಿನ ಬೆಲೆಯ ಹತ್ತಿರ ಬಂದರೆ ಮಾರಿಬಿಡಿ ಅಂತ. ನನಗೆ ಈ ಲೆಕ್ಕ ಒಪ್ಪಿಗೆ ಇಲ್ಲ. 46 ಸಾವಿರ ಹಾಕಿದ್ದರೆ ಗುಬ್ಬಿ ಇನ್ನೂ ಮೂರ್ನಾಲ್ಕು ವರ್ಷ ಆರಾಮಾಗಿ ಓಡುತ್ತಿತ್ತು. ಆ ಬೆಲೆಗೆ ಮೂರು ವರ್ಷ ಓಡುವ ಬೇರೆ ಕಾರು ಎಲ್ಲಿ ಸಿಗುತ್ತದೆ? ಬರೀ ದುಡ್ಡಿನ ಲೆಕ್ಕವೇ ಆಗಿದ್ದರೆ ಹಳೆ ಕಾರನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೇ ಅಗ್ಗ. ನಾನು ಬದಲಾಯಿಸಿದ್ದು ದುಡ್ಡಿಗಲ್ಲ, ಶಿರಾಡಿ ಘಾಟಿಗೆ.

ತಂಗಿಯನ್ನು ಕೊಟ್ಟಿರುವುದು ಪುತ್ತೂರಿಗೆ. ವರ್ಷಕ್ಕೆ ಎಂಟು-ಹತ್ತು ಸಲ ಸಕಲೇಶಪುರ ದಾಟಿ ಘಾಟಿ ಇಳಿಯುತ್ತೇವೆ. 2025ರ ಜೂನಿನಲ್ಲಿ ಹೀಗೇ ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಆ ಮಳೆಯನ್ನು ನೋಡಿದವರಿಗೇ ಗೊತ್ತು, ವೈಪರ್ ಎಷ್ಟು ಹೊಡೆದುಕೊಂಡರೂ ಗಾಜು ಬಿಳಿ. ಮಾರನಹಳ್ಳಿ ದಾಟಿ ಒಂದು ತಿರುವು. ಮುಂದಿದ್ದ ಟ್ಯಾಂಕರ್ ಇದ್ದಕ್ಕಿದ್ದಂತೆ ನಿಂತಿತು. ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ, ಕಾರು ತನ್ನ ಪಾಡಿಗೆ ನೇರ ಜಾರುತ್ತಿತ್ತು. ಟ್ಯಾಂಕರಿಗೆ ಒಂದು ಮಾರು ಇರುವಾಗ ಹೇಗೋ ನಿಂತಿತು. ಏನೂ ಆಗಲಿಲ್ಲ. ಮಗಳು ಮೊಬೈಲಿಂದ ತಲೆ ಕೂಡ ಎತ್ತಲಿಲ್ಲ. ಅಮ್ಮ ಮಾತ್ರ ಗುಂಡ್ಯ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಅಮ್ಮ ಮಾತಾಡದೆ ಅಷ್ಟು ಹೊತ್ತು ಕೂತಿದ್ದು ನನಗೆ ನೆನಪಿಲ್ಲ.

ಅವತ್ತು ಆಗಿದ್ದು ಇಷ್ಟೇ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಂಡರೆ ಟೈರು ಉರುಳುವುದು ಬಿಟ್ಟು ಜಾರುತ್ತದೆ. ಜಾರುವ ಟೈರಿಗೆ ಸ್ಟೀರಿಂಗಿನ ಮಾತು ಕೇಳಿಸುವುದಿಲ್ಲ. ಎಬಿಎಸ್ ಇದ್ದರೆ ಅದು ಸೆಕೆಂಡಿಗೆ ಹಲವು ಸಲ ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತದೆ, ಚಕ್ರ ಉರುಳುತ್ತಲೇ ಇರುತ್ತದೆ, ನಾವು ಪಕ್ಕಕ್ಕೆ ತಿರುಗಿಸಬಹುದು. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಬೇಕೇ ಬೇಕು ಅಂತ ಎಲ್ಲ ಕಾರಿಗೂ ಆಗಿದ್ದು 2022ರ ಜನವರಿಯಲ್ಲಿ. ಗುಬ್ಬಿಯಲ್ಲಿ ಇದ್ಯಾವುದೂ ಇರಲಿಲ್ಲ. 46 ಸಾವಿರದ ರಿಪೇರಿಯಲ್ಲೂ ಇದ್ಯಾವುದೂ ಬರುತ್ತಿರಲಿಲ್ಲ. ಹಳೆ ಕಾರಿಗೆ ಎಬಿಎಸ್ ಹಾಕಿಸಿ ಅಂತ ಯಾವ ಗ್ಯಾರೇಜಿಗೂ ಹೇಳಲು ಆಗುವುದಿಲ್ಲ.

ಹಾಗಾಗಿ 2022ರ ನಂತರದ ಕಾರು ಬೇಕು ಅಂತ ತೀರ್ಮಾನ ಆಯಿತು. ಹೊಸದೇ ಬೇಕು ಅಂತ ಅಲ್ಲ. ಜನ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಈಗ ಆ ಒಂದು ಲಕ್ಷದ ಮಾತಿಗೆ ಬರೋಣ.

ನಾನು ತಗೊಂಡ ಮಾಡೆಲ್ ಅವತ್ತು ಶೋರೂಮಿನಲ್ಲಿ ಹೊಸದಾಗಿ 6 ಲಕ್ಷ 20 ಸಾವಿರ. ಇದು ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲಿನ ಬೆಲೆ. ಜನ ನೋಡುವುದು ಇದನ್ನೇ. 5.40ಕ್ಕೂ 6.20ಕ್ಕೂ ವ್ಯತ್ಯಾಸ ಒಂದು ಲಕ್ಷವೂ ಇಲ್ಲವಲ್ಲ ಅನ್ನುತ್ತಾರೆ. ಆದರೆ ಆ ಬೆಲೆಗೆ ಕಾರು ಶೋರೂಮಿನ ಗೇಟು ದಾಟುವುದಿಲ್ಲ. ನಾವಿರುವುದು ಕರ್ನಾಟಕದಲ್ಲಿ. ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್, ಅಂದರೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ ಇದೆ. 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಬೆಲೆಯ ಶೇಕಡ 14. ಆ ತೆರಿಗೆಯ ಮೇಲೆ ಮತ್ತೆ ಸೆಸ್. ಜಿಎಸ್‌ಟಿ ಸೇರಿದ ಬೆಲೆಯ ಮೇಲೇ ಇದನ್ನು ಹಾಕುವುದು, ಅಂದರೆ ತೆರಿಗೆಗೂ ತೆರಿಗೆ. ನನ್ನ ಲೆಕ್ಕದಲ್ಲಿ 96 ಸಾವಿರ ಬಂತು. ವಿಮೆ 34 ಸಾವಿರ. ಚಿಲ್ಲರೆ ಖರ್ಚೆಲ್ಲ ಸೇರಿ ಆನ್‌ರೋಡ್ ಏಳೂವರೆ ಲಕ್ಷ. ವ್ಯತ್ಯಾಸ ಒಂದು ಲಕ್ಷವಲ್ಲ, ಎರಡು ಲಕ್ಷಕ್ಕೂ ಮೇಲೆ.

ಈ ಲೈಫ್‌ಟೈಮ್ ಟ್ಯಾಕ್ಸ್ ಅನ್ನುವುದು ಕಾರಿನ ಜೊತೆ ಹೋಗುತ್ತದೆ, ಕಟ್ಟಿದವರ ಜೊತೆ ಅಲ್ಲ. ಮೊದಲ ಮಾಲೀಕ ಒಂದು ಸಲ ಕಟ್ಟಿದರೆ ಮುಗಿಯಿತು, ರಾಜ್ಯದೊಳಗೆ ಎರಡನೆಯವನು ಮತ್ತೆ ಕಟ್ಟಬೇಕಿಲ್ಲ. ಅವನು ಒಂದು ವರ್ಷ ಓಡಿಸಿ ಮಾರುವಾಗ ಆ ದುಡ್ಡನ್ನು ಯಾರೂ ಹಾಗೇ ವಾಪಸ್ ಕೊಡುವುದಿಲ್ಲ. ವಿಮೆಯವರು ಕಾರಿನ ಬೆಲೆ ಕಟ್ಟುವಾಗಲೂ ಎಕ್ಸ್ ಶೋರೂಮ್ ಬೆಲೆಯಿಂದಲೇ, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ ಬೆಲೆಯಿಂದಲೇ ಶುರು ಮಾಡಿ ಕಳೆಯುತ್ತಾರೆ. ಆರು ತಿಂಗಳು ದಾಟಿದರೆ ಶೇಕಡ 15, ಒಂದು ವರ್ಷ ದಾಟಿದರೆ 20. ರಸ್ತೆ ತೆರಿಗೆ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ರಸ್ತೆ ತೆರಿಗೆ ಕಡಿಮೆ ಇರುವ ರಾಜ್ಯದಲ್ಲಿದ್ದಿದ್ದರೆ ನಾನೂ ಹೊಸದನ್ನೇ ತಗೊಳ್ಳುತ್ತಿದ್ದೆನೋ ಏನೋ. ಇಲ್ಲಿ ಒಂದು ವರ್ಷ ಹಳೆಯದಾದ ಕಾರಿನಷ್ಟು ಲಾಭದ್ದು ಇನ್ನೊಂದಿಲ್ಲ. (ಬೇರೆ ರಾಜ್ಯದ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ. ಇಲ್ಲಿ ರಿಜಿಸ್ಟರ್ ಮಾಡಿಸುವಾಗ ಇಲ್ಲಿನ ಟ್ಯಾಕ್ಸ್ ಕಟ್ಟಲೇಬೇಕು, ಅಗ್ಗ ಅಲ್ಲಿಗೇ ಮುಗಿಯುತ್ತದೆ.)

"ಹಾಗಿದ್ರೆ ಐದು ವರ್ಷದ್ದೇ ತಗೋಬಹುದಿತ್ತಲ್ಲ, ಇನ್ನೂ ಅಗ್ಗ" ಅಂದರು ಮಾವ. ನಿಜ. ಆದರೆ ಐದು ವರ್ಷದ ಕಾರಿಗೆ ಐದು ವರ್ಷದ ಕಥೆ ಇರುತ್ತದೆ. ಅದರಲ್ಲಿ ಎಷ್ಟು ಮುಚ್ಚಿಟ್ಟಿದ್ದಾರೋ! ಒಂದು ವರ್ಷದ್ದರಲ್ಲಿ ಮುಚ್ಚಿಡಲು ಜಾಸ್ತಿ ಏನೂ ಇರುವುದಿಲ್ಲ. ಕಂಪನಿ ವಾರಂಟಿ ಇನ್ನೂ ಇರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸಬೇಕಲ್ಲ, ಅದೂ ಉಳಿದಿರುತ್ತದೆ. ಬಂಕುಗಳಲ್ಲಿ ಈಗ ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲು. 2023ರ ಏಪ್ರಿಲ್ ನಂತರದ ಕಾರುಗಳ ಪೈಪು, ಸೀಲು ಅದನ್ನು ತಾಳುವ ಹಾಗೆ ಇರುತ್ತವೆ. ಗುಬ್ಬಿಗೆ ಆ ಭಾಗ್ಯ ಇರಲಿಲ್ಲ.

ಜಾಸ್ತಿ ಮುಚ್ಚಿಡಲು ಇರುವುದಿಲ್ಲ ಅಂದೆ, ಏನೂ ಇರುವುದಿಲ್ಲ ಅನ್ನಲಿಲ್ಲ. ನಾನು ನೋಡಿದ್ದು ಮೂರು ಕಾರು.

ಮೊದಲನೆಯದು ಬೆಂಗಳೂರಿನದು. ಒಳಗೆ ಕೂತರೆ ಸೆಂಟಿನ ಘಾಟು. ಇಷ್ಟೊಂದು ಪರಿಮಳ ಯಾಕೆ ಅಂತ ಅನುಮಾನ ಬಂತು. ಜೊತೆಗೆ ನಮ್ಮ ಮೆಕ್ಯಾನಿಕ್ ಬಂದಿದ್ದರು. ಅವರು ಬಾನೆಟ್ ಎತ್ತಲೇ ಇಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದರು. ಕೊನೆಯ ಒಂದಡಿಯಲ್ಲಿ ಕೆಸರಿನ ಕಲೆ, ಗೆರೆ ಎಳೆದ ಹಾಗೆ. ಯಾವುದೋ ಮಳೆಯಲ್ಲಿ ಬೇಸ್‌ಮೆಂಟಿನಲ್ಲಿ ನೀರು ಕುಡಿದ ಕಾರು. ಸೀಟು, ಮ್ಯಾಟು ಎಲ್ಲ ತೊಳೆದಿದ್ದರು. ಸುತ್ತಿಕೊಂಡಿರುವ ಬೆಲ್ಟನ್ನು ಬಿಚ್ಚಿ ತೊಳೆಯಲು ಯಾರಿಗೂ ಹೊಳೆದಿರಲಿಲ್ಲ.

ಎರಡನೆಯದು ನೋಡಲು ಫಳಫಳ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರು ಟೈರು 2024ನೇ ವರ್ಷದವು, ಮುಂದಿನ ಎಡಗಡೆಯದು ಮಾತ್ರ 2025ರದು. "ಪಂಕ್ಚರ್ ಜಾಸ್ತಿ ಆಯ್ತು ಸಾರ್, ಚೇಂಜ್ ಮಾಡಿಸ್ದೆ" ಅಂದರು. ಇರಬಹುದು. ಆದರೆ ಅದೇ ಕಡೆಯ ಫೆಂಡರಿನ ಬೋಲ್ಟುಗಳಲ್ಲಿ ಸ್ಪ್ಯಾನರ್ ಹಾಕಿ ಬಿಚ್ಚಿದ ಗುರುತು. ಫ್ಯಾಕ್ಟರಿಯಲ್ಲಿ ಬಣ್ಣ ಹೊಡೆದ ಬೋಲ್ಟಿನ ಮೂಲೆ ಕಿತ್ತಿರುವುದಿಲ್ಲ. ಟೀ ಕುಡಿದು ವಾಪಸ್ ಬಂದೆವು.

ಮೂರನೆಯದು ಮೈಸೂರಿನಲ್ಲಿ. 2024ರ ಆಗಸ್ಟಿನಲ್ಲಿ ತಗೊಂಡಿದ್ದು, 11,400 ಕಿಲೋಮೀಟರ್ ಓಡಿತ್ತು. ಹುಡುಗನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತ್ತು, ಹೊರಡಲು ಮೂರು ವಾರ ಉಳಿದಿತ್ತು. ಯಾರಾದರೂ ಇಷ್ಟು ಹೊಸ ಕಾರು ಮಾರುತ್ತಿದ್ದಾರೆ ಅಂದರೆ ಮೊದಲು ಕೇಳಬೇಕಾದ್ದು ಬೆಲೆ ಅಲ್ಲ, ಯಾಕೆ ಮಾರುತ್ತಿದ್ದೀರಿ ಅಂತ. ಒಳ್ಳೆ ಕಾರನ್ನು ಒಂದೇ ವರ್ಷಕ್ಕೆ ಮಾರುವುದಕ್ಕೆ ಒಳ್ಳೆ ಕಾರಣ ಇರಬೇಕು. ಇವನ ಹತ್ತಿರ ವೀಸಾ ಇತ್ತು. ಅವನು ಆನ್‌ರೋಡ್ ಕೊಟ್ಟಿದ್ದು ಎಂಟು ಲಕ್ಷಕ್ಕೂ ಮೇಲೆ. ಪಾಪ, ನಡುವೆ ಜಿಎಸ್‌ಟಿ ಬೇರೆ ಇಳಿದುಬಿಟ್ಟಿತ್ತು. 5.80 ಅಂತ ಶುರು ಮಾಡಿ 5.40ಕ್ಕೆ ಬಂದ.

ಕಾರಿನ ಮೇಲೆ ಸಾಲ ಇತ್ತು. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಸಾಲ ಬಾಕಿ ಇದ್ದಷ್ಟನ್ನು ನಾನು ನೇರ ಅವನ ಬ್ಯಾಂಕಿನ ಸಾಲದ ಖಾತೆಗೇ ಹಾಕಿದೆ. ಸಾಲ ತೀರಿತು ಅಂತ ಬ್ಯಾಂಕ್ ಕೊಡುವ ಎನ್‌ಒಸಿ ಮತ್ತು ಫಾರಂ 35 ಕೈಗೆ ಬಂದ ಮೇಲೆ ಉಳಿದದ್ದನ್ನು ಅವನಿಗೆ ಕೊಟ್ಟೆ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಅದಕ್ಕೂ ಮೊದಲು ನಂಬರು ಹಾಕಿ ದಂಡ ನೋಡಿದರೆ ಎರಡು ಬಾಕಿ ಇತ್ತು. ಅವನಿಗೇ ಗೊತ್ತಿರಲಿಲ್ಲ. ನಾಚಿಕೊಂಡು ಅಲ್ಲೇ ಮೊಬೈಲಲ್ಲಿ ಕಟ್ಟಿದ.

ಜನ ಮರೆಯುವ ಇನ್ನೊಂದು ವಿಷಯ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ. ಲೈಫ್‌ಟೈಮ್ ಟ್ಯಾಕ್ಸ್ ಕಾರಿನ ಜೊತೆ ಹೋಗುತ್ತದೆ ಅಂದೆನಲ್ಲ, ಇದು ಉಲ್ಟಾ. ಇದು ಮನುಷ್ಯನ ಜೊತೆ ಹೋಗುತ್ತದೆ. ಗುಬ್ಬಿಗೆ ವರ್ಷಗಟ್ಟಲೆ ಕ್ಲೇಮ್ ಮಾಡದೆ ನನಗೆ ಶೇಕಡ 50 ಬೋನಸ್ ಇತ್ತು. ಮಾರಿದ ಮೇಲೆ ವಿಮೆಯವರಿಂದ ಅದಕ್ಕೊಂದು ಪತ್ರ ಬರೆಸಿಕೊಂಡೆ. ಮೂರು ವರ್ಷದೊಳಗೆ ಬೇರೆ ಕಾರಿಗೆ ಬಳಸಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಗುಬ್ಬಿಯನ್ನು ತರಕಾರಿ ವ್ಯಾಪಾರದ ಒಬ್ಬರು ತಗೊಂಡರು. ನನ್ನ ಅಮ್ಮನನ್ನು ಕೂರಿಸಲು ಬೇಡ ಅನ್ನಿಸಿದ ಕಾರನ್ನು ಇನ್ನೊಬ್ಬರಿಗೆ ಮಾರಿದೆನಲ್ಲ ಅಂತ ಕಸಿವಿಸಿ ಇತ್ತು, ಈಗಲೂ ಇದೆ. ಘಾಟಿಗೆ ಒಯ್ಯಬೇಡಿ ಅಂತ ಹೇಳಿದೆ. "ನಮ್ದೆಲ್ಲ ಊರೊಳಗೇ ಅಣ್ಣ, ಸಂತೆಗೆ ಹೋಗಿ ಬರೋದು" ಅಂದರು. ಕ್ಲಚ್, ತುಕ್ಕು ಎಲ್ಲ ತೋರಿಸಿ 52 ಸಾವಿರಕ್ಕೆ ಕೊಟ್ಟೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾರನ್ನು ಮಾತ್ರ ಕೈಬಿಡಲಿಲ್ಲ, ಅವರಿಗೆ ನನ್ನ ಮೇಲೆ ಸ್ವಲ್ಪ ಬೇಜಾರೂ ಆಯಿತು. ಕಾರು ಯಾರ ಕೈಯಲ್ಲಿದ್ದರೂ ಅಪಘಾತ ಆದರೆ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಜಾರು ಪರವಾಗಿಲ್ಲ.

ಕಳೆದುಕೊಂಡಿದ್ದೂ ಇದೆ. ಹೊಸ ಕಾರಿನ ವಾಸನೆ ಇಲ್ಲ. ಬಣ್ಣ ನಾನು ಆರಿಸಿದ್ದಲ್ಲ, ಇಟ್ಟಿಗೆಗೂ ಕುಂಕುಮಕ್ಕೂ ನಡುವಿನ ಒಂದು ಕೆಂಪು. ನಂಬರ್ ಮೈಸೂರಿನ ಕೆಎ-55 ಹಾಗೇ ಉಳಿದಿದೆ. ಹಾಸನದಲ್ಲಿ ಪಾರ್ಕಿಂಗ್ ಹುಡುಗ "ಮೈಸೂರಿಂದ ಬಂದ್ರಾ ಸಾರ್?" ಅಂತ ದಿನಾ ಕೇಳುತ್ತಾನೆ.

ನವೆಂಬರಿನಲ್ಲಿ ಮೊದಲ ಸಲ ಘಾಟಿ ಇಳಿದೆವು. ಮಳೆ ಇರಲಿಲ್ಲ, ಎಬಿಎಸ್ ಕೆಲಸಕ್ಕೂ ಬರಲಿಲ್ಲ. ಅಮ್ಮ ದೋಣಿಗಲ್‌ನಿಂದ ಗುಂಡ್ಯದವರೆಗೆ ಪಕ್ಕದ ಮನೆಯವರ ಮಗಳ ಮದುವೆ ವಿಷಯ ಬಿಡದೆ ಹೇಳಿದಳು. ಇಷ್ಟಾದರೂ ಅವಳ ಬಾಯಲ್ಲಿ ಅದು ಇನ್ನೂ ನಮ್ಮ ಕಾರಾಗಿಲ್ಲ, "ಜರ್ಮನಿ ಹುಡುಗನ ಕಾರು". ಪುತ್ತೂರಿನಲ್ಲಿ ಇಳಿಯುವಾಗ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಅವನ ಕೂಲಿಂಗ್ ಗ್ಲಾಸ್ ಸಿಕ್ಕಿತು. ಅವನ ಮನೆಯವರಿಗೆ ಕೊಟ್ಟು ಬಾ ಅಂತ ಅಮ್ಮ ವಾರಕ್ಕೊಮ್ಮೆ ನೆನಪಿಸುತ್ತಾಳೆ.