ಮಳೆಪುಸ್ತಕ: ಮನೆಯಲ್ಲೇ ಕಲಿಯುವ ಇಬ್ಬರು ಮಕ್ಕಳ ಮಳೆಗಾಲದ ದಾಖಲೆ

ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದ ಕೂಡಲೇ ಆರಂಭಿಸಿದ ನಮ್ಮ ಮನೆಯ ಮಳೆಪುಸ್ತಕ ಈಗ ಆಶ್ಲೇಷ ಮಳೆಯವರೆಗೆ ಬಂದು ತಲುಪಿದೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನಲ್ಲಿ, ಗುಡ್ಡದ ಬುಡದ ಅಡಿಕೆ ತೋಟದಲ್ಲಿ ನಮ್ಮ ಮನೆ. ಎಂಟು ವರ್ಷದ ಮಗಳೂ ಐದು ವರ್ಷದ ಮಗನೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಾರೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಬೇರೆ ಬೇರೆ ಪಾಠ ಹೇಳುತ್ತ ಹೋದರೆ ಬೆಳಗಿನ ಹೊತ್ತು ಅದರಲ್ಲೇ ಮುಗಿದು, ಮಧ್ಯಾಹ್ನದ ಅಡುಗೆಗೆ ಬೆಂಕಿ ಹೊತ್ತಿಸುವಾಗ ಅತ್ತೆಯವರ ಮಾತ್ರೆಯ ಸಮಯ ಮೀರಿರುತ್ತದೆ. ಆದುದರಿಂದ ಈ ಮಳೆಗಾಲಕ್ಕೆ ಒಂದೇ ಕೆಲಸವನ್ನು ಹಿಡಿದುಕೊಂಡು, ಮಗಳ ಗಣಿತವನ್ನೂ ಮಗನ ಅಕ್ಷರವನ್ನೂ ಅದರೊಳಗಿಂದಲೇ ಹೊರಡಿಸಬೇಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಇದುವರೆಗೆ ಎಷ್ಟು ಸಾಗಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮಾಪಕ

ಮಳೆಮಾಪಕವನ್ನು ಎರಡು ಲೀಟರಿನ ಶರಬತ್ತಿನ ಬಾಟಲಿಯಿಂದ ಮಾಡಿದೆವು. ಕುತ್ತಿಗೆಯ ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಇಟ್ಟರೆ ಆಲಿಕೆಯಾಗುತ್ತದೆ. ಬಿದ್ದ ನೀರು ಆವಿಯಾಗುವುದೂ ಕಡಿಮೆಯಾಗುತ್ತದೆ, ಎಲೆ ಕಡ್ಡಿ ಬೀಳುವುದೂ ತಪ್ಪುತ್ತದೆ. ಇಂಥ ಬಾಟಲಿಯ ತಳ ಸಮತಟ್ಟಾಗಿರುವುದಿಲ್ಲ, ಉಬ್ಬುತಗ್ಗುಗಳಿರುತ್ತವೆ. ತಳಕ್ಕೆ ಸಣ್ಣ ಕಲ್ಲು ತುಂಬಿಸಿ, ಗೋಡೆ ನೇರವಾಗುವ ಎತ್ತರದವರೆಗೆ ನೀರು ಹೊಯ್ದು, ಆ ಗೆರೆಯನ್ನೇ ಸೊನ್ನೆ ಎಂದು ಇಟ್ಟುಕೊಂಡರೆ ಆ ತೊಂದರೆ ತೀರುತ್ತದೆ. ಅಲ್ಲಿಂದ ಮೇಲಕ್ಕೆ ಕಾಗದದ ಸ್ಕೇಲ್ ಅಂಟಿಸಿ, ಅದರ ಮೇಲೆ ಪಾರದರ್ಶಕ ಟೇಪು ಸುತ್ತಿದ್ದೇವೆ. ಪ್ರತಿ ಸಲ ನೀರು ಚೆಲ್ಲಿದ ಮೇಲೆ ಸೊನ್ನೆಯ ಗೆರೆಯವರೆಗೆ ಮತ್ತೆ ನೀರು ತುಂಬಿಸಿಡುವುದು ಮಗನ ಜವಾಬ್ದಾರಿ.

ಮಾಪಕವನ್ನು ಇಡುವ ಜಾಗದ ವಿಷಯದಲ್ಲಿ ತುಸು ಚರ್ಚೆಯಾಯಿತು. ಸುತ್ತಲಿನ ಮರ ಅಥವಾ ಕಟ್ಟಡದ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕವಿರಬೇಕು ಎಂಬುದು ಹವಾಮಾನ ಇಲಾಖೆಯವರ ಕ್ರಮ. ಅಡಿಕೆ ತೋಟದ ನಡುವೆ ಬದುಕುವವರಿಗೆ ಅದು ಸುಲಭವಲ್ಲ. ಮಳೆಗಾಲದಲ್ಲಿ ಖಾಲಿ ಬಿದ್ದಿರುವ, ಅಡಿಕೆ ಒಣಗಿಸುವ ಅಂಗಳದ ನಟ್ಟನಡುವೆ ಒಂದು ಗೂಟ ಹುಗಿದು ಅದಕ್ಕೆ ಬಾಟಲಿಯನ್ನು ಕಟ್ಟಿದೆವು. ನಮಗೆ ಸಿಗುವ ಅತ್ಯಂತ ತೆರೆದ ಜಾಗ ಅದೇ.

ಇಲಾಖೆಯವರಂತೆ ನಾವೂ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತೇವೆ. ಹಿಂದಿನ ದಿನದ ಎಂಟೂವರೆಯಿಂದ ಈ ದಿನದ ಎಂಟೂವರೆಯವರೆಗೆ ಸುರಿದದ್ದೆಲ್ಲ ಈ ದಿನದ ತಾರೀಕಿನ ಲೆಕ್ಕಕ್ಕೇ ಸೇರುತ್ತದೆ. ಸೋಮವಾರ ಮಧ್ಯಾಹ್ನ ಕಣ್ಣೆದುರೇ ಸುರಿದ ಮಳೆಯನ್ನು ಮಂಗಳವಾರದ ಸಾಲಿನಲ್ಲಿ ಬರೆಯುವುದು ಮಗಳಿಗೆ ಅನ್ಯಾಯವೆಂದೇ ತೋರಿತು. ಎಲ್ಲರೂ ಒಂದೇ ಕ್ರಮದಲ್ಲಿ ಬರೆದರೆ ಮಾತ್ರ ನಮ್ಮ ಲೆಕ್ಕವನ್ನು ಪತ್ರಿಕೆಯಲ್ಲಿ ಬರುವ ಲೆಕ್ಕದ ಪಕ್ಕದಲ್ಲಿಟ್ಟು ನೋಡಬಹುದು ಎಂದು ಅವಳ ಅಪ್ಪ ಹೇಳಿದ ಮೇಲೆ ಒಪ್ಪಿಕೊಂಡಳು. ಆದರೂ ಅಂಥ ದಿನಗಳಲ್ಲಿ ಅಂಚಿನಲ್ಲಿ ಸಣ್ಣದಾಗಿ ‘ನಿನ್ನೆಯದ್ದು’ ಎಂದು ಬರೆಯುವುದನ್ನು ಬಿಟ್ಟಿಲ್ಲ.

ಮಿಲಿಮೀಟರು

ಈ ಯೋಜನೆಯಲ್ಲಿ ಅತಿ ಹೆಚ್ಚು ಸಮಯ ತೆಗೆದುಕೊಂಡ ಭಾಗ ಇದು, ಮತ್ತು ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ. ನೀರನ್ನು ಲೀಟರಿನಲ್ಲಿ ಅಳೆಯುವುದು ಮಗಳಿಗೆ ಗೊತ್ತು. ಮಳೆಯನ್ನು ಮಾತ್ರ ಉದ್ದದ ಅಳತೆಯಲ್ಲಿ ಏಕೆ ಹೇಳುತ್ತಾರೆ ಎಂಬುದು ಅವಳ ಪ್ರಶ್ನೆ. ಮಾತಿನಲ್ಲಿ ವಿವರಿಸದೆ, ನೇರ ಗೋಡೆಯ ಪಾತ್ರೆಗಳನ್ನು ಹುಡುಕಿ ತರಲು ಹೇಳಿದೆ. ಬಿಸ್ಕತ್ತಿನ ಹಳೆಯ ಡಬ್ಬಿ, ಇಡ್ಲಿ ಹಿಟ್ಟಿನ ಸ್ಟೀಲ್ ಡಬ್ಬಿ, ಒಂದು ಗಾಜಿನ ಲೋಟ, ಇವನ್ನು ಅಂಗಳದಲ್ಲಿ ಸಾಲಾಗಿ ಇಟ್ಟು, ಒಂದು ಒಳ್ಳೆಯ ಮಳೆ ಕಳೆದ ಮೇಲೆ ಸ್ಕೇಲ್ ಇಳಿಸಿ ನೋಡಿದಾಗ ಮೂರರಲ್ಲೂ ನೀರಿನ ಎತ್ತರ ಹೆಚ್ಚುಕಡಿಮೆ ಒಂದೇ. ಡಬ್ಬಿಯ ನೀರನ್ನು ಲೋಟಕ್ಕೆ ಹೊಯ್ದರೆ ತುಂಬಿ ಚೆಲ್ಲುತ್ತದೆ, ಎತ್ತರ ಮಾತ್ರ ಸಮ. ಬಾಯಿ ಅಗಲವಾದಷ್ಟೂ ಹೆಚ್ಚು ನೀರು ಬೀಳುತ್ತದೆ, ತಳವೂ ಅಷ್ಟೇ ಅಗಲವಾದ ಕಾರಣ ಆ ನೀರು ಅಷ್ಟೇ ಹರಡಿಕೊಳ್ಳುತ್ತದೆ ಎಂಬುದನ್ನು ಅವಳೇ ತನ್ನ ಮಾತಿನಲ್ಲಿ ಹೇಳಿದ ಹೊತ್ತಿಗೆ ಅತ್ತ ದೋಸೆಯ ಕಾವಲಿ ಹೊಗೆಯಾಡುತ್ತಿತ್ತು.

ಮುಂದಿನ ಹೆಜ್ಜೆ ಲೀಟರಿನದು. ಅಡಿಕೆ ದಬ್ಬೆಯ ನಾಲ್ಕು ತುಂಡುಗಳಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿ, ಜಗಲಿಯ ಮೇಲಿಟ್ಟು, ಒಳಗೆ ಟಾರ್ಪಾಲಿನ ತುಂಡು ಹಾಸಿದೆವು. ಮಗ ಒಂದು ಲೀಟರ್ ನೀರು ಸುರಿದ. ಟಾರ್ಪಾಲು ಒದ್ದೆಯಾಯಿತು, ಅಷ್ಟೆ. ಹತ್ತು ಲೀಟರ್ ಸುರಿದ ಮೇಲೆ ನಡುವೆ ಸ್ಕೇಲ್ ಇಟ್ಟರೆ ಸುಮಾರು 1 ಸೆಂ.ಮೀ. ಕಂಡಿತು, ನಮ್ಮ ಜಗಲಿ ಒಂದು ಮೂಲೆಗೆ ತುಸು ಇಳಿಜಾರಾಗಿರುವುದರಿಂದ ಅಲ್ಲಿ ಹೆಚ್ಚು, ಎದುರಿನ ಮೂಲೆಯಲ್ಲಿ ಕಡಿಮೆ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು ಎಂಬ ಸೂತ್ರ ಅವಳ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬಂದದ್ದು ಇದಾದ ಮೇಲೆ.

ಆ ಸೂತ್ರ ಕೈಗೆ ಬಂದದ್ದೇ ತಡ, ಅವಳು ಅಳೆಯದ ವಸ್ತು ಮನೆಯಲ್ಲಿ ಉಳಿಯಲಿಲ್ಲ. ಮನೆಯ ಮಾಡು ನೆಲದ ಮೇಲೆ ಆವರಿಸುವ ಜಾಗ 12 ಮೀಟರ್ ಉದ್ದ, 8 ಮೀಟರ್ ಅಗಲ, ಅಂದರೆ 96 ಚದರ ಮೀಟರ್. ಮಾಡಿನ ಇಳಿಜಾರಿನ ಉದ್ದವನ್ನು ಹಿಡಿಯಬಾರದು, ಅದರ ನೆರಳು ನಡುಮಧ್ಯಾಹ್ನ ನೆಲದ ಮೇಲೆ ಬೀಳುವಷ್ಟು ಜಾಗವನ್ನೇ ಹಿಡಿಯಬೇಕು ಎಂಬುದನ್ನು ಕೊಡೆಯನ್ನು ಓರೆ ಹಿಡಿದು ತೋರಿಸಬೇಕಾಯಿತು. ಹವಾಮಾನ ಇಲಾಖೆ ಒಂದು ದಿನದಲ್ಲಿ 64.5 ಮಿ.ಮೀ.ನಿಂದ ಮೇಲೆ ಬಿದ್ದರೆ ಅದನ್ನು ಭಾರೀ ಮಳೆ ಎನ್ನುತ್ತದೆ, 115.6ರಿಂದ ಅತಿ ಭಾರೀ, 204.4 ಮೀರಿದರೆ ಅತ್ಯಂತ ಭಾರೀ. ಭಾರೀ ಮಳೆಯ ಕನಿಷ್ಠ ಗೆರೆಯಲ್ಲೇ ನಮ್ಮ ಮಾಡಿನಿಂದ 6,192 ಲೀಟರ್ ನೀರು ಇಳಿಯುತ್ತದೆ. ಸಾವಿರ ಲೀಟರಿನ ಟ್ಯಾಂಕಿಯಾದರೆ ಆರು ತುಂಬಿ ಇನ್ನೂ ಮಿಗುತ್ತದೆ. ದಶಮಾಂಶದ ಗುಣಾಕಾರವನ್ನು ನಾನು ಮುಂದಿನ ವರ್ಷಕ್ಕೆಂದು ಇಟ್ಟಿದ್ದೆ. ಅದು ತಾನಾಗಿಯೇ ಈಗ ಬಂದು ಕುಳಿತಿದೆ.

ಅಜ್ಜಿಯ ಕಾಲಂ

ನಮ್ಮ ಅತ್ತೆಯವರಿಗೆ ಜೂನ್, ಜುಲೈಗಳಿಂದ ಏನೂ ಆಗಬೇಕಾಗಿಲ್ಲ. ಅವರಿಗೆ ಮಳೆ ಎಂದರೆ ರೋಹಿಣಿ, ಮೃಗಶಿರ, ಆರ್ದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಆ ಹೆಸರಿನ ಮಳೆ. ಮೊಮ್ಮಗಳು ಪುಸ್ತಕವನ್ನು ತಿಂಗಳುಗಳಾಗಿ ವಿಂಗಡಿಸಿದ್ದನ್ನು ಕಂಡು, ‘ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಎಂಬುದು ಇದರಲ್ಲಿ ಎಲ್ಲಿ ಕಾಣುತ್ತದೆ’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪಂಚಾಂಗ ನೋಡಿ ನಕ್ಷತ್ರದ ಕಾಲಂ ಒಂದನ್ನು ಸೇರಿಸಿದೆವು. ಕೆಲವು ನಕ್ಷತ್ರಗಳಿಗೆ ಹದಿಮೂರು ದಿನ, ಕೆಲವಕ್ಕೆ ಹದಿನಾಲ್ಕು ದಿನ ಏಕೆ ಎಂಬುದು ಒಂದು ಭಾಗಾಕಾರದ ಲೆಕ್ಕವಾಯಿತು: ನಕ್ಷತ್ರಗಳು 27, ವರ್ಷಕ್ಕೆ 365 ದಿನ, ಹದಿಮೂರರಂತೆ ಹಂಚಿದರೆ 351 ಆಗಿ ಹದಿನಾಲ್ಕು ದಿನ ಉಳಿಯುತ್ತವೆ, ಆ ಉಳಿದವನ್ನು ಎಲ್ಲಿಯಾದರೂ ಸೇರಿಸಲೇಬೇಕಲ್ಲ. ಶೇಷ ಎಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗೆ ತಿಳಿಯದು.

ಇಲ್ಲಿಯವರೆಗಿನ ಮೊತ್ತದಲ್ಲಿ ಆರ್ದ್ರೆಯೇ ಮುಂದಿದೆ, ಅಜ್ಜಿ ಗೆದ್ದಿದ್ದಾರೆ. ಒಂದು ವರ್ಷದ ಲೆಕ್ಕದಿಂದ ಗಾದೆಯನ್ನು ಸಾಬೀತು ಮಾಡಲಾಗದು ಎಂದು ಮಗಳಿಗೆ ಹೇಳಿದ್ದೇನೆ. ಅತ್ತೆಯವರಿಗೆ ಹೇಳಲು ಹೋಗಿಲ್ಲ.

ಮಗನ ಪಾಲು

ಮಗನಿಗೆ ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲಿ ಅಕ್ಷರ ಕಲಿಸುತ್ತಿಲ್ಲ. ಕರ್ನಾಟಕದ ನಲಿಕಲಿ ತರಗತಿಗಳಲ್ಲಿರುವಂತೆ ಬರೆಯಲು ಹೋಲುವ ರ, ಗ, ಸ, ದ, ಅ ಮೊದಲು, ಆಮೇಲೆ ಜ, ವ, ಮ, ಬ, ನ. ಈ ಕ್ರಮದ ಅನುಕೂಲವೆಂದರೆ ಎರಡನೇ ಗುಂಪು ಮುಗಿಯುವಾಗಲೇ ಮರ, ದನ, ಜನ, ವನ, ಗರಗಸ ಎಂದೆಲ್ಲ ನಿಜವಾದ ಪದಗಳನ್ನು ಓದಲು ಸಾಧ್ಯವಾಗುತ್ತದೆ, ಕಾಗುಣಿತಕ್ಕಾಗಿ ಕಾಯಬೇಕಾಗಿಲ್ಲ. ಪ್ರತಿದಿನದ ಸಾಲಿನ ಕೊನೆಗೆ ತನಗೆ ಬರುವ ಒಂದು ಪದವನ್ನು ಅವನು ಬರೆಯಬೇಕು.

ಇದರಲ್ಲಿ ಒಂದು ತಮಾಷೆಯಿತ್ತು. ಅವನ ಬಳಿಯಿರುವ ಅಕ್ಷರಗಳಿಂದ ‘ಬರ’ ಎಂದು ಬರೆಯಬಹುದು, ‘ಮಳೆ’ ಎಂದು ಬರೆಯಲು ಬರುವುದಿಲ್ಲ. ಆದುದರಿಂದ ಮಳೆ ಬಂದ ದಿನ ಹನಿಗಳ ಚಿತ್ರ, ಬಾರದ ದಿನ ದಪ್ಪ ಅಕ್ಷರದಲ್ಲಿ ‘ಬರ’. ಆರ್ದ್ರೆಯ ನಡುವೆ ಒಂದು ದಿನ ಮಳೆ ಬಿಟ್ಟು ಹೊಳವಾದಾಗಲೂ ಅದೇ ಪದ ಬಿದ್ದಿತು. ತೋಟದವರ ಮನೆಯಲ್ಲಿ ಅಂಥದ್ದನ್ನು ಬರೆದಿಡುವುದು ಅತ್ತೆಯವರಿಗೆ ಸರಿಬರಲಿಲ್ಲ. ಅವರೇ ಅವನನ್ನು ಬಳಿಯಲ್ಲಿ ಕೂರಿಸಿಕೊಂಡು, ಅಕ್ಕಿ ಹರಡಿದ ತಟ್ಟೆಯಲ್ಲಿ ಬೆರಳು ಹಿಡಿದು ‘ಳೆ’ ತಿದ್ದಿಸಿದರು. ಎತ್ವ ಹಾಗೆ ನಮ್ಮ ಮನೆಗೆ ಕ್ರಮ ತಪ್ಪಿ ಬಂದಿತು. ಈಗ ಅವನು ಕಂಡ ಕಂಡ ಅಕ್ಷರಕ್ಕೆಲ್ಲ ಎತ್ವ ಹಾಕುತ್ತಾನೆ.

ಬಟ್ಟೆಯ ಕಾಲಂ

ಇದು ನನ್ನದು. ಬಟ್ಟೆ ಆ ದಿನ ಹೊರಗೆ ಒಣಗಿತೋ, ಒಲೆಯ ಮೇಲಿನ ಅಟ್ಟಕ್ಕೆ ಹೋಯಿತೋ ಎಂದು ಒಂದು ಗುರುತು. ಮನೆ ನಡೆಸುವವರಿಗೆ ಮಳೆ ಎಂದರೆ ಮೊದಲು ಬಟ್ಟೆ, ಆಮೇಲೆ ಸೌದೆ, ಆಮೇಲೆ ಉಳಿದದ್ದು. ಜುಲೈ ಮುಗಿಯುವಾಗ ಮಗಳು ಎರಡು ಕಾಲಂಗಳನ್ನು ಒಟ್ಟಿಗಿಟ್ಟು ನೋಡಿ, ತಾಳೆಯಾಗುವುದಿಲ್ಲ ಎಂದು ತಕರಾರು ತೆಗೆದಳು. ಎಪ್ಪತ್ತು ಮಿಲಿಮೀಟರ್ ದಾಟಿದ ದಿನ ಬಟ್ಟೆ ಒಣಗಿದೆ, ಐದೂ ಆಗದ ದಿನ ಅಟ್ಟಕ್ಕೆ ಹೋಗಿದೆ. ಎಪ್ಪತ್ತು ದಾಟಿದ್ದು ಇರುಳು ಎರಡು ಗಂಟೆಗಳಲ್ಲಿ ಸುರಿದು ಮುಗಿದದ್ದು, ಬೆಳಗಾದ ಮೇಲೆ ಬಿಸಿಲು. ಐದಾಗದ್ದು ಬೆಳಗಿನಿಂದ ಸಂಜೆಯವರೆಗೆ ಜಿನುಗಿದ್ದು. ಎಷ್ಟು ಸುರಿಯಿತು ಎಂಬುದೊಂದೇ ಸಾಲದು, ಎಷ್ಟು ಹೊತ್ತು ಸುರಿಯಿತು ಎಂಬುದೂ ಬೇಕು ಎಂದು ಅವಳೇ ತೀರ್ಮಾನಿಸಿ, ಅವಧಿಯ ಕಾಲಂ ಒಂದನ್ನು ಗೆರೆ ಎಳೆದು ಸೇರಿಸಿದ್ದಾಳೆ. ಪುಸ್ತಕದ ಅತ್ಯುತ್ತಮ ಪುಟ ಇದೇ ಎಂಬುದು ನನ್ನ ಅಭಿಪ್ರಾಯ. ನಾನು ಕಲಿಸಲೆಂದು ಯೋಜಿಸಿದ ಯಾವುದೂ ಅದರಲ್ಲಿಲ್ಲ.

ಮದ್ದು ಬಿಡುವ ದಿನ

ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಳೆಗಾಲಕ್ಕೆ ಮೊದಲೊಮ್ಮೆ, ಸುಮಾರು 40-45 ದಿನ ಕಳೆದು ಇನ್ನೊಮ್ಮೆ. ಎರಡನೆಯದಕ್ಕೆ ಹೊಳವು ಕಾಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸುವುದು. ಶೇಕಡಾ ಒಂದು ಎಂದರೇನು ಎಂದು ಮಗಳಿಗೆ ಪಾಠ ಮಾಡುವ ಅಗತ್ಯವೇ ಬರಲಿಲ್ಲ; 200 ಲೀಟರಿನ ಪೀಪಾಯಿಗೆ ಎಷ್ಟು ಬೇಕೆಂದು ಅಪ್ಪನಿಗೆ ಅವಳೇ ಹೇಳಿದಳು. ಇಬ್ಬರಿಗೂ ಹಿಡಿಸಿದ್ದು ಕತ್ತಿಯ ಪರೀಕ್ಷೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ. ಮೊದಲ ಸಲ ನಸುಗೆಂಪು ಕಂಡಿತು. ಸುಣ್ಣದ ನೀರು ಸೇರಿಸಿದ ಮೇಲೆ ಅಲಗು ಬೆಳ್ಳಗೇ ಬಂದಿತು. ಮಕ್ಕಳು ನೋಡಿದ್ದು ಜಗಲಿಯಿಂದ, ಮದ್ದಿನ ಹತ್ತಿರಕ್ಕೆ ಬಿಟ್ಟಿಲ್ಲ.

ಸುರಂಗ

ಮನೆಯ ಹಿಂದಿನ ಮುರಕಲ್ಲಿನ ಗುಡ್ಡದೊಳಕ್ಕೆ ಅಜ್ಜನ ಕಾಲದಲ್ಲಿ ಕೊರೆದ ಸುರಂಗವಿದೆ. ನಮ್ಮ ಕುಡಿಯುವ ನೀರು ಅದರದ್ದೇ. ಬಾಯಿಯಲ್ಲಿ ಇಪ್ಪತ್ತು ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಎಂದು ಭಾನುವಾರಗಳಲ್ಲಿ ಅಳೆಯುತ್ತೇವೆ. ಐವತ್ತು ಸೆಕೆಂಡ್ ಹಿಡಿದರೆ ಗಂಟೆಗೆ 1,440 ಲೀಟರ್. ಮಳೆ ಜೋರಾದ ದಿನವೇ ಹರಿವು ಹೆಚ್ಚುವುದಿಲ್ಲ, ಗುಡ್ಡ ಕುಡಿದು ಬಿಡಲು ಸಮಯ ಬೇಕು. ಆ ತಡ ಎಷ್ಟು ದಿನದ್ದು ಎಂಬುದಕ್ಕೆ ಉತ್ತರ ಸಿಗುವಷ್ಟು ಲೆಕ್ಕ ಇನ್ನೂ ಕೂಡಿಲ್ಲ. ಗಡಿಯಾಚೆ, ಇಲ್ಲಿಗೆ ಹತ್ತಿರದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗಗಳನ್ನು ಕೊರೆದು, ಕೆಲವು ಬರಿದಾದರೂ ಬಿಡದೆ, ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿ 2022ರಲ್ಲಿ ಪದ್ಮಶ್ರೀ ಪಡೆದವರು. ಅವರ ವಿಷಯವನ್ನು ಮಗಳು ಪತ್ರಿಕೆಯಿಂದ ತಾನೇ ಓದಿ, ಕನ್ನಡದಲ್ಲಿ ಅರ್ಧ ಪುಟ ಬರೆದಿದ್ದಾಳೆ. ಒತ್ತಕ್ಷರದ ತಪ್ಪುಗಳಿವೆ, ತಿದ್ದಿಸುತ್ತಿದ್ದೇನೆ.

ಉಳಿದದ್ದು

ಮುಂದೆ ಪರೀಕ್ಷೆಯ ಗತಿ ಏನೆಂದು ಕೇಳುವವರಿದ್ದಾರೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಮೂರು, ಐದು ಮತ್ತು ಎಂಟನೇ ತರಗತಿಗೆ ಸಮನಾದ ಹಂತಗಳಿವೆ, ಹದಿನಾಲ್ಕು ತುಂಬಿದ ಮೇಲೆ ಹತ್ತನೆಯದನ್ನೂ ಅಲ್ಲಿಯೇ ಬರೆಯಬಹುದು. ಸದ್ಯಕ್ಕೆ ಅಷ್ಟು ಸಾಕು. ಮಲಯಾಳಕ್ಕೆ ಬೇರೆ ಪಾಠ ಇಟ್ಟಿಲ್ಲ. ಮಳೆಯ ಎಚ್ಚರಿಕೆಗಳು ಫೋನಿಗೆ ಬರುವುದು ಆ ಭಾಷೆಯಲ್ಲೇ, ಹಳದಿ, ಕಿತ್ತಳೆ, ಕೆಂಪು ಎಂದು ಓದಿ ಹೇಳುವುದು ಮಗಳ ಕೆಲಸವಾಗಿದೆ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದಾಗಲೆಲ್ಲ ‘ನವಗುದೇ ರಜೆಯೋ ಅಬ್ಬೆ?’ (ನಮಗೂ ರಜೆಯೇ ಅಮ್ಮಾ?) ಎಂದು ಇಬ್ಬರೂ ಒಟ್ಟಿಗೆ ಕೇಳುತ್ತಾರೆ. ಕೆಂಪು ಎಚ್ಚರಿಕೆಯ ದಿನ ಕೊಡುತ್ತೇನೆ, ಅಳತೆ ತಪ್ಪಿಸಬಾರದೆಂಬ ಷರತ್ತಿನೊಂದಿಗೆ.

ಮಖೆ ಮಳೆ ಹಿಡಿಯುವ ಮೊದಲು ಎರಡು ಕೆಲಸ ಆಗಬೇಕಿದೆ. ಜಿನುಗು ಮಳೆಯ ಅಳತೆ ಈಗಿನ ಮಾಪಕದಲ್ಲಿ ಸರಿಯಾಗಿ ಓದಲು ಸಿಗುವುದಿಲ್ಲ. ಬಾಟಲಿಯ ಎರಡು ಪಟ್ಟು ವ್ಯಾಸದ ಆಲಿಕೆ ಇಟ್ಟರೆ ನಾಲ್ಕು ಪಟ್ಟು ನೀರು ಬಿದ್ದು, 1 ಮಿ.ಮೀ. ಮಳೆ 4 ಮಿ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಅಂಥ ಆಲಿಕೆಯನ್ನು ಬದಿಯಡ್ಕದ ಪಾತ್ರೆ ಅಂಗಡಿಯಲ್ಲಿ ಹುಡುಕಬೇಕು, ವ್ಯಾಸ ಅಳೆಯಲು ಸ್ಕೇಲ್ ಹಿಡಿದುಕೊಂಡು ಮಗಳೂ ಬರುತ್ತಾಳಂತೆ. ಅವಧಿಯ ಕಾಲಂಗಾಗಿ ಸಂಜೆ ಐದೂವರೆಗೂ ಒಮ್ಮೆ ಅಳೆಯಬೇಕು. ಆ ಹೊತ್ತು ನನಗೆ ದನದ ಹಟ್ಟಿಯ ಕೆಲಸದ್ದಾದುದರಿಂದ ಅದನ್ನು ಅವರ ಅಪ್ಪನಿಗೆ ವಹಿಸಲಾಗಿದೆ.