ಚಕ್ರಕ್ಕೆ ಗೆಜ್ಜೆ ಕಟ್ಟಿದ ವಾರ

ನಾಟಕಕ್ಕೆ ಇನ್ನು 5 ವಾರ ಇದೆ. ಹೋದ ಸಲ ಬರೆದಾಗ ಮಾತು ಓದುವುದಷ್ಟೇ ಆಗಿತ್ತು, ಯಾರೂ ಎದ್ದು ತಾಲೀಮು ಶುರು ಮಾಡಿರಲಿಲ್ಲ. ಈಗ ಮಾಡಿದ್ದೇವೆ. ಒಂದಷ್ಟು ಡಿಕ್ಕಿ ಆಗಿದೆ, ಒಂದು ಸ್ಟೂಲ್ ಮುರಿದಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮದು ಭಾನುವಾರದ ಹವ್ಯಾಸಿ ತಂಡ. ಸೆಟ್ಟು, ಲೈಟು ನನ್ನ ಪಾಲು. ರನ್ನನ ಗದಾಯುದ್ಧವನ್ನು ಒಂದು ಗಂಟೆಯ ಹೊಸಗನ್ನಡ ನಾಟಕ ಮಾಡಿಕೊಂಡಿದ್ದೇವೆ. ಯುದ್ಧ ಸೋತ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಹಾದು ಭೀಷ್ಮನ ಹತ್ತಿರ ಹೋಗುತ್ತಾನಲ್ಲ, ಆ ನಡಿಗೆಯೇ ನಮ್ಮ ನಾಟಕದ ಬೆನ್ನೆಲುಬು. ನಮ್ಮ ದುರ್ಯೋಧನ ವೀಲ್‌ಚೇರ್ ಬಳಸುತ್ತಾನೆ. ನಮ್ಮ ಸಂಜಯನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ.

ಸಂಜಯ ಮೊದಲು ಸಂಜಯ ಆಗಿರಲಿಲ್ಲ. ನಿರ್ದೇಶನ ಮಾಡುತ್ತಿರುವ ಅಕ್ಕ ಅವನಿಗೆ ಧೃತರಾಷ್ಟ್ರನ ಪಾತ್ರ ಕೊಟ್ಟಿದ್ದರು. ಎಲ್ಲರಿಗೂ ಮೊದಲು ಹೊಳೆಯುವುದು ಅದೇ ಅಲ್ವಾ? ಅವನು ಪೂರ್ತಿ ಓದು ಕೇಳಿಸಿಕೊಂಡು, "ಅಕ್ಕಾ, ಕುರುಡನಾಗಿ ನಾನು ಮನೆಯಲ್ಲೇ ಇರ್ತೀನಿ. ಅದಕ್ಕೆ ಇಲ್ಲೀವರೆಗೂ ಎರಡು ಬಸ್ಸು ಹಿಡಿದು ಯಾಕೆ ಬರಲಿ? ನಂಗೆ ದಿವ್ಯದೃಷ್ಟಿ ಇರೋನ ಪಾತ್ರ ಕೊಡಿ" ಅಂದ. ಎಲ್ಲರೂ ನಕ್ಕೆವು. ಅವನು ನಗಲಿಲ್ಲ. ಹಾಗಾಗಿ ಈಗ ಕಣ್ಣಿರುವ ನಟ ಧೃತರಾಷ್ಟ್ರ, ಅವನಿಗೆ ಯುದ್ಧದ ಸುದ್ದಿ ಹೇಳುವವನು ಇವನು. ಆ ದೃಶ್ಯದಲ್ಲಿ ನಾನು ಲೈಟು ಮಾಡುವುದು ಮರೆತು ಕೂತುಬಿಡುತ್ತೇನೆ.

ದುರ್ಯೋಧನನ ವಿಷಯದಲ್ಲಿ ನನಗೇ ಅಳುಕಿತ್ತು. ನಮ್ಮ ರಂಗಭೂಮಿಯಲ್ಲಿ ಊನ ಎಂದರೆ ಒಂದೋ ಕೇಡು, ಇಲ್ಲಾ ನಗೆ. ಮಂಥರೆ ಎಂದರೆ ಗೂನು ಬೆನ್ನು. ನಾಟ್ಯಶಾಸ್ತ್ರ ಹೇಳುವ ವಿದೂಷಕನೂ ಕುಳ್ಳ, ಗೂನ, ಉಬ್ಬುಹಲ್ಲಿನವನು. ಇನ್ನು ವೀಲ್‌ಚೇರಿನಲ್ಲಿ ಬಂದ ದುರ್ಯೋಧನನನ್ನು ನೋಡಿದ ಜನ, ಭೀಮ ಬರುವ ಮುಂಚೆಯೇ ತೊಡೆ ಮುರಿದಿದೆ ಅಂದುಕೊಂಡರೆ? ಕೇಳಿಯೇಬಿಟ್ಟೆ. "ತೊಡೆ ಮುರಿಯೋದು ಕೊನೆಗೆ ಅಣ್ಣ. ಅಲ್ಲೀವರೆಗೆ ಇದು ಸಿಂಹಾಸನ. ಜನಕ್ಕೆ ಹಾಗೆ ಅನ್ನಿಸದಿದ್ರೆ ತಪ್ಪು ನನ್ನ ಆಕ್ಟಿಂಗ್‌ದು" ಅಂದ. 2022ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಮೂರನೇ ರಿಚರ್ಡ್ ಪಾತ್ರವನ್ನು ಆರ್ಥರ್ ಹ್ಯೂಸ್ ಎಂಬ ಅಂಗವಿಕಲ ನಟನಿಗೆ ಕೊಟ್ಟಿತ್ತು. ಅದನ್ನು ಹೇಳಿದೆ. ಇವನಿಗೆ ಅದು ಅಷ್ಟು ಹಿಡಿಸಲಿಲ್ಲ. ರಿಚರ್ಡ್‌ನ ಊನ ನಾಟಕದಲ್ಲೇ ಬರೆದಿದೆ. ಇವನಿಗೆ ಇಷ್ಟವಾದದ್ದು ವೀಲ್‌ಚೇರ್ ಬಳಸುವ ಅಮೆರಿಕದ ನಟಿ ಆಲಿ ಸ್ಟ್ರೋಕರ್ ಕತೆ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ 'ಒಕ್ಲಹೋಮಾ' ಸಂಗೀತ ನಾಟಕದಲ್ಲಿ ಅವರು ಮಾಡಿದ್ದು ಏಡೋ ಆ್ಯನಿ ಎಂಬ ತುಂಟ ಹುಡುಗಿಯ ಪಾತ್ರ. ಮೂಲದಲ್ಲಿ ಅವಳಿಗೆ ವೀಲ್‌ಚೇರೂ ಇಲ್ಲ, ಏನೂ ಇಲ್ಲ. 2019ರಲ್ಲಿ ಆ ಪಾತ್ರಕ್ಕೆ ಅಲ್ಲಿನ ನಾಟಕದವರ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂತು. ಆದರೆ ಪ್ರಶಸ್ತಿ ಸಮಾರಂಭದಲ್ಲಿ ಸಭಾಂಗಣದಿಂದ ವೇದಿಕೆ ಹತ್ತಲು ರ‍್ಯಾಂಪ್ ಇರಲಿಲ್ಲ. ಅವರು ಮೊದಲೇ ತೆರೆಯ ಹಿಂದೆ ಹೋಗಿ ಕಾಯಬೇಕಾಯಿತು.

ರ‍್ಯಾಂಪ್ ಎಂದಾಗ ನಮ್ಮ ಗೋಳು. ನಮಗೆ ಸಿಕ್ಕಿದ ಹಾಲ್‌ನಲ್ಲಿ ವೇದಿಕೆ 3 ಅಡಿ ಎತ್ತರ. ವೀಲ್‌ಚೇರ್ ರ‍್ಯಾಂಪಿನ ಲೆಕ್ಕ ಸುಲಭ: 1 ಅಡಿ ಏರಲು 12 ಅಡಿ ಉದ್ದ ಬೇಕು. ಅಂದರೆ 36 ಅಡಿ. ಕಟ್ಟಿದರೆ ಮುಕ್ಕಾಲು ಹಾಲ್ ರ‍್ಯಾಂಪೇ ಆಗುತ್ತದೆ. ಎತ್ತಿಕೊಂಡು ಹೋಗೋಣ ಎಂದು ಇಬ್ಬರು ಮುಂದೆ ಬಂದರು. ದುರ್ಯೋಧನ ಒಪ್ಪಲಿಲ್ಲ. ಒಪ್ಪಲೂ ಬಾರದು. ಎರಡು ರಾತ್ರಿ ಹಾಳೆಯ ಮೇಲೆ ಗೀಚಿ ಕೊನೆಗೆ ವೇದಿಕೆಯನ್ನೇ ಬಿಟ್ಟೆ. ನಾಟಕ ಕೆಳಗೆ ನೆಲದ ಮೇಲೆ, ಜನ ಮೂರು ಕಡೆ. ಬಯಲಾಟ ನೋಡಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಖಾಲಿಯಾದ ವೇದಿಕೆ ಮೇಲೆ ಈಗ ಭೀಷ್ಮನ ಶರಶಯ್ಯೆ.

ನೆಲಕ್ಕೆ ಬಂದ ಮೇಲೆ ಸಂಜಯನ ದಾರಿ. ತೆಂಗಿನ ನಾರಿನ ಹಗ್ಗವನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ದೇನೆ. ಬರಿಗಾಲಿಗೆ ಚೆನ್ನಾಗಿ ಸಿಗುತ್ತದೆ. ಒಂದು ಎಳೆ ಎಂದರೆ ನಡೆಯುವ ದಾರಿ, ಎರಡು ಎಳೆ ಎಂದರೆ ನಿಲ್ಲು, ಗೋಣಿ ತುಂಡು ಎಂದರೆ ಅಲ್ಲಿಂದ ಮುಂದೆ ಜನ ಕೂತಿದ್ದಾರೆ. ದಪ್ಪ ಹಗ್ಗಕ್ಕೆ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಂಡಿತು. ತೆಳುವಾದದ್ದು ತಂದೆ. ಎರಡನೇ ತಾಲೀಮಿಗೇ ಸಂಜಯ ನನಗಿಂತ ಚೆನ್ನಾಗಿ ಜಾಗ ಅಳೆದುಕೊಂಡಿದ್ದ. ತೊಂದರೆ ಕೊಟ್ಟವರು ಕಣ್ಣಿರುವವರು. ಸ್ಟೂಲನ್ನು ಸುಮ್ನೆ ಅರ್ಧ ಅಡಿ ಸರಿಸಿ ಹೋಗುತ್ತಾರೆ. ಮುರಿದದ್ದು ಅದೇ ಸ್ಟೂಲು. ಈಗ ನಿಯಮ ಬಂದಿದೆ: ಏನೇ ಸರಿಸಿದರೂ ಬಾಯಿಬಿಟ್ಟು ಹೇಳಬೇಕು.

ಮಾತು ಕಲಿಸುವ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊಬೈಲಿನ ಓದುವ ದನಿ ಹೊಸಗನ್ನಡವನ್ನು ಓದಿತು, ನಡುವೆ ಇಟ್ಟುಕೊಂಡ ರನ್ನನ ಪದ್ಯಗಳನ್ನು ಕೊಂದುಹಾಕಿತು. ಅಕ್ಕ ಹಾಡಿ ವಾಟ್ಸಾಪಿನಲ್ಲಿ ಕಳಿಸಿದರು, ಮುಗಿಯಿತು.

ಈಗ ಗೆಜ್ಜೆಯ ವಿಷಯ. ನಡಿಗೆಯ ದೃಶ್ಯದಲ್ಲಿ ಸಂಜಯ ಮುಂದೆ, ದುರ್ಯೋಧನ ಹಿಂದೆ. ಸಂಜಯ ಕುರ್ಚಿ ತಳ್ಳಿದರೆ ಸಲೀಸು ಎಂದು ಯಾರೋ ಹೇಳಿದರು. ಇಬ್ಬರೂ ಒಟ್ಟಿಗೇ ಬೇಡ ಅಂದರು. ಕುಂಟನನ್ನು ಕುರುಡ ಹೊತ್ತ ಹಳೇ ಕತೆ ಆಗಿಬಿಡುತ್ತದಂತೆ. ಸರಿಯಾದ ಮಾತು. ಆ ಶನಿವಾರ ನಾನು ಒಳ್ಳೆಯ ಕೆಲಸ ಮಾಡುತ್ತೇನೆಂದು ಕಿರುಗುಟ್ಟುತ್ತಿದ್ದ ಗಾಲಿಗಳಿಗೆ ಎಣ್ಣೆ ಬಿಟ್ಟೆ. ಭಾನುವಾರ ದ್ರೋಣನ ಹೆಣದ ಹತ್ತಿರ ಸಂಜಯ ತಿರುಗಿ ಎರಡು ಹೆಜ್ಜೆ ಇಟ್ಟವನು ನೇರವಾಗಿ ದುರ್ಯೋಧನನ ಮಡಿಲಲ್ಲಿ ಕೂತ. ಇಷ್ಟು ದಿನ ಅವನು ಆ ಕಿರುಗುಟ್ಟುವ ಸದ್ದು ಹಿಡಿದೇ ದೂರ ಅಳೆಯುತ್ತಿದ್ದನಂತೆ! ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಎಣ್ಣೆ ವಾಪಸ್ ತೆಗೆಯಲಾಗುತ್ತದೆಯೇ? ಮನೆಯಲ್ಲಿ ಮಗಳ ಭರತನಾಟ್ಯದ ಹಳೇ ಗೆಜ್ಜೆ ಇತ್ತು. ಪ್ರತಿ ಚಕ್ರದ ಕಡ್ಡಿಗೆ ಆರಾರು ಗೆಜ್ಜೆ ಕಟ್ಟಿದೆ. ನಿಧಾನ ಬಂದರೆ ಬಿಡಿಬಿಡಿಯಾಗಿ ಕೇಳುತ್ತದೆ, ರಭಸವಾಗಿ ಬಂದರೆ ಒಂದೇ ಝಲ್. ದುರ್ಯೋಧನ ಒಂದು ಸುತ್ತು ಹೊಡೆದು, "ಗಂಡಪೆಂಡಾರ ಕಟ್ಟಿಬಿಟ್ರಲ್ಲ" ಅಂದ. ವೀರರ ಕಾಲಿಗೆ ಗೌರವಕ್ಕೆ ತೊಡಿಸುವ ಬಳೆ ಅದು. ಅಕ್ಕ ತಕ್ಷಣ ದೃಶ್ಯ ತಿದ್ದಿದರು. ಈಗ ಅವನು ಪ್ರವೇಶ ಮಾಡುವಾಗ ದೀಪ ಇಲ್ಲ, ಗೆಜ್ಜೆ ಮಾತ್ರ. ಕರ್ಣನ ಹೆಣದ ಮುಂದೆ ಚಕ್ರವನ್ನು ಹಿಡಿದು ನಿಲ್ಲಿಸುತ್ತಾನೆ. ಆಗಿನ ನಿಶ್ಶಬ್ದಕ್ಕೆ ನಾನು ಹಾಕಿಟ್ಟಿದ್ದ ಕೊಳಲಿನ ಟ್ರ್ಯಾಕ್ ಕಿತ್ತುಹಾಕಿದೆ.

ಬಗೆಹರಿಯದೇ ಇದ್ದದ್ದು ದುರ್ಯೋಧನ ಕೊನೆಗೆ ಅಡಗಿಕೊಳ್ಳುವ ವೈಶಂಪಾಯನ ಸರೋವರ. ನೀರೊಳಗಿದ್ದೂ ಬೆವರುವ ದುರ್ಯೋಧನ ಬೇಕು. ನೀಲಿ ಬಟ್ಟೆ ಹರಡಿದೆವು, ಚಕ್ರಕ್ಕೆ ಸುತ್ತಿಕೊಂಡಿತು. ಇಬ್ಬರು ಬಟ್ಟೆ ಹಿಡಿದು ಎತ್ತಿದರು, ಸೀರೆ ಒಣಗಿಸಿದ ಹಾಗೆ ಕಂಡಿತು. ನನ್ನ ಮನಸ್ಸಿನಲ್ಲಿ ಬೇರೊಂದು ದಾರಿ ಇತ್ತು, ಕೇಳಲು ಬಾಯಿ ಬರಲಿಲ್ಲ. ಅವನೇ ಹೇಳಿದ: "ಕುರ್ಚಿ ದಡದಲ್ಲಿರಲಿ. ನಾನು ಇಳೀತೀನಿ."

ಬ್ರೇಕ್ ಹಾಕಿ, ಎರಡೂ ಕೈ ಊರಿ ನೆಲಕ್ಕೆ ಇಳಿದು ಬಟ್ಟೆಯೊಳಗೆ ತೆವಳಲು 40 ಸೆಕೆಂಡ್ ಬೇಕಾಯಿತು. ಭೀಮನಿಗೆ ಅಷ್ಟು ಹೊತ್ತು ಕಾಯಲು ಹೇಳಿದ್ದೇವೆ. ಮೊಣಕೈ ಸ್ವಲ್ಪ ತರಚಿದೆ. ಮುಂದಿನ ಭಾನುವಾರದೊಳಗೆ ಮೊಣಕೈಗೆ ಪ್ಯಾಡ್, ಬಟ್ಟೆಯ ಕೆಳಗೆ ಹಾಸಲು ತೆಳು ಮ್ಯಾಟು ತರಬೇಕು. ಮ್ಯಾಟು ಬಂದರೆ ಅಲ್ಲಿನ ಹಗ್ಗ ಮುಚ್ಚಿಹೋಗುತ್ತದೆ. ಸಂಜಯನನ್ನು ಮೊದಲು ಕೇಳಬೇಕು.